ಮಳೆ ಹೋದ ಮೂರನೆಯ ರಾತ್ರಿ: ನೀಲಗಿರಿಯಲ್ಲಿ ಹಿಂಗಾರನ್ನೂ ಹಿಮವನ್ನೂ ಎದುರಿಸುವ ಸಮಗ್ರ ಮಾರ್ಗದರ್ಶಿ

ನೀಲಗಿರಿಯ ಮೇಲ್ಭಾಗದಲ್ಲಿ ಕಡಲಿನಿಂದ ಬರುವ ಬಿರುಮಳೆಯೂ ಹುಲ್ಲಿನ ಮೇಲೆ ಕೂರುವ ಹಿಮವೂ ಒಂದೇ ರಾತ್ರಿ ಬರುವುದಿಲ್ಲ. ಮೋಡ ನೆಲಕ್ಕೆ ಹೊದಿಸಿದ ಕಂಬಳಿಯಿದ್ದಂತೆ. ಹಗಲು ನೆಲ ಕುಡಿದ ಬಿಸಿಯನ್ನು ರಾತ್ರಿ ಮೇಲಕ್ಕೆ ಹೋಗಗೊಡುವುದಿಲ್ಲ. ಮಳೆ ಸುರಿಸಿದ ಮೋಡ ಚದುರಿ, ಗಾಳಿ ಬಿದ್ದು, ಒಣಹವೆ ಇಳಿದು, ಆಕಾಶ ತೊಳೆದಿಟ್ಟ ಹಾಗಾದಾಗ ಆ ಕಂಬಳಿ ಜಾರುತ್ತದೆ. ನವೆಂಬರ್ ನಡುವಿನ ನಂತರ, ಮಳೆ ನಿಂತ ಮೂರನೆಯೋ ನಾಲ್ಕನೆಯೋ ರಾತ್ರಿ ಅಂಥದ್ದಾಗಬಹುದು.

ನಾನು ಇದನ್ನು ಕಲಿತದ್ದು ನಷ್ಟದಿಂದ. ಒಂದು ನವೆಂಬರಿನಲ್ಲಿ ನಾಲ್ಕು ದಿನ ಮಳೆಯೊಡನೆ ಗುದ್ದಾಡಿ, ಬಸಿಗಾಲುವೆ ತೋಡಿ, ಒಂದು ಬದುವೂ ಕುಸಿಯದಂತೆ ಹೊಲ ಉಳಿಸಿಕೊಂಡೆ. ನೆನೆದ ನೆರಳು ಪರದೆಗಳನ್ನು ಮಡಚಿ ಕೊಟ್ಟಿಗೆಗೆ ಹಾಕಿದೆ. ಬಿಸಿಲು ಕಂಡ ನೆಮ್ಮದಿಯಲ್ಲಿ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಮೂರನೆಯ ಬೆಳಗ್ಗೆ ತಗ್ಗಿನ ಪಟ್ಟಿಯ ಆಲೂಗಡ್ಡೆ ಗಿಡಗಳು ಬೆಳ್ಳಗಿದ್ದವು. ಹತ್ತು ಗಂಟೆಯ ಹೊತ್ತಿಗೆ ಕಪ್ಪಗಾಗಿ ಜೋತುಬಿದ್ದವು. ಮಳೆಯ ತಯಾರಿ ಬೇರೆ, ಹಿಮದ ತಯಾರಿ ಬೇರೆ ಎಂದುಕೊಂಡದ್ದೇ ತಪ್ಪು. ಎಚ್ಚರಿಕೆ ಬಂದ ದಿನದಿಂದ ಹಿಮದ ಬೆಳಗಿನವರೆಗೆ ಸುಮಾರು ಹತ್ತು ದಿನ. ಅಷ್ಟನ್ನೂ ಒಂದೇ ಕೆಲಸವೆಂದು ನೋಡಬೇಕು. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಬಂದು ಊಟಿಯ ಸುತ್ತ ಹೊಲ ಮಾಡುವವರನ್ನು, ತೋಟಗಳಲ್ಲಿ ದುಡಿಯುವವರನ್ನು, ಇಲ್ಲೇ ಹುಟ್ಟಿ ಬೆಳೆದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಜಾಗವನ್ನು ತಿಳಿಯಿರಿ

ನೀಲಗಿರಿ ಒಂದೇ ಜಿಲ್ಲೆಯಾದರೂ ಹವೆ ಒಂದಲ್ಲ. ಪಶ್ಚಿಮದ ಗೂಡಲೂರು, ಪಂದಲೂರು, ಅವಲಾಂಚಿಯ ಕಡೆಗೆ ಮುಂಗಾರೇ ದೊಡ್ಡ ಮಳೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 91 ಸೆಂಟಿಮೀಟರ್ ಬಿದ್ದದ್ದು ಆ ಮಳೆ. ಪೂರ್ವಕ್ಕೆ ಮುಖ ಮಾಡಿದ ಕುನ್ನೂರು, ಕೋಟಗಿರಿ, ಕೆಟ್ಟಿಯ ಇಳಿಜಾರುಗಳು ಹೆದರಬೇಕಾದದ್ದು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರಿಗೆ. ಬಂಗಾಳ ಕೊಲ್ಲಿಯ ತೇವದ ಗಾಳಿ ಬಯಲನ್ನು ದಾಟಿ ಬಂದು ಮೊದಲು ಬಡಿಯುವುದು ಈ ಇಳಿಜಾರಿಗೆ.

ಹಿಮದ ಲೆಕ್ಕ ಬೇರೆ. ಊಟಿ ಸುಮಾರು 2,240 ಮೀಟರ್, ದೊಡ್ಡಬೆಟ್ಟ 2,637 ಮೀಟರ್. ಎತ್ತರ ಹೆಚ್ಚಿದಂತೆ ಹಿಮ ಹೆಚ್ಚು ಎಂದುಕೊಳ್ಳುವುದು ಸಹಜ, ಆದರೆ ಅದು ಅರ್ಧ ಸತ್ಯ. ತಣ್ಣನೆಯ ಗಾಳಿ ತೂಕವಾದದ್ದು. ನೀರಿನಂತೆಯೇ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಗುಡ್ಡದ ನಡುವಿನ ಹೊಲ ಹಸಿರಾಗಿರುವಾಗ ಕೆಳಗಿನ ಜೌಗು ಹುಲ್ಲುಗಾವಲು ಬಿಳಿಯಾಗಿರುತ್ತದೆ. ತಲೈಕುಂದಾದ ಹುಲ್ಲು ಬಯಲಿನಲ್ಲಿ, ಊಟಿಯ ಕುದುರೆ ಪಂದ್ಯದ ಮೈದಾನದಲ್ಲಿ ಹಿಮ ಕಾಣುವುದು ಇದೇ ಕಾರಣಕ್ಕೆ. ಮಸಿನಗುಡಿಯಂಥ ಕೆಳಗಿನ ಊರುಗಳಿಗೆ ಹಿಮದ ಚಿಂತೆಯಿಲ್ಲ.

ಹಾಗಾಗಿ ಒಂದು ಸಂಜೆ ಹೊಲವನ್ನು ಸುತ್ತಿ ಎರಡು ಜಾಗ ಗುರುತಿಸಿ: ನೀರು ಎಲ್ಲಿ ನಿಲ್ಲುತ್ತದೆ, ಚಳಿ ಎಲ್ಲಿ ನಿಲ್ಲುತ್ತದೆ. ನನ್ನ ಹೊಲದಲ್ಲಿ ಎರಡೂ ಒಂದೇ ಮೂಲೆ. ಕೆಳಬದಿಯಲ್ಲಿ ಒತ್ತೊತ್ತಾಗಿ ಬೆಳೆದ ಬೇಲಿಯಿದ್ದರೆ ಅದು ತಣ್ಣನೆಯ ಗಾಳಿಗೆ ಕಟ್ಟೆ ಕಟ್ಟಿದ ಹಾಗೆ. ಬುಡದಲ್ಲಿ ಒಂದೆರಡು ಕಡೆ ಬಿಡಿಸಿ ದಾರಿ ಮಾಡಿಕೊಡಿ.

ಎಚ್ಚರಿಕೆಯನ್ನು ಸರಿಯಾಗಿ ಓದುವುದು

ತಮಿಳುನಾಡಿನಲ್ಲಿ ಎಚ್ಚರಿಕೆ ಬರುವುದು ತಮಿಳಿನಲ್ಲಿ. ಓದಲು ಬಾರದಿದ್ದರೂ ಕಿವಿಗೆ ಬಿದ್ದಾಗ ತಿಳಿಯಬೇಕಾದ ಕೆಲವು ಮಾತುಗಳಿವೆ. ‘ಕನಮಳೈ’ ಎಂದರೆ ಭಾರೀ ಮಳೆ, ‘ಮಿಕ ಕನಮಳೈ’ ಅತಿ ಭಾರೀ ಮಳೆ. ‘ಪುಯಲ್’ ಎಂದರೆ ಚಂಡಮಾರುತ. ‘ಮಣ್‌ಸರಿವು’ ಭೂಕುಸಿತ. ‘ಉರೈಪನಿ’ ಎಂದರೆ ಹೆಪ್ಪುಗಟ್ಟಿದ ಇಬ್ಬನಿ, ನಾವು ಹಿಮ ಎನ್ನುವುದು. ಕನ್ನಡ ಪತ್ರಿಕೆಗಳು ‘ವಾಯುಭಾರ ಕುಸಿತ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ತಮಿಳಿನಲ್ಲಿ ಬಿಡಿಸಿ ಹೇಳುತ್ತಾರೆ: ‘ತಾಳ್ವು ಪಗುದಿ’ ಎಂದರೆ ಇನ್ನೂ ಸಡಿಲವಾದ ಕಡಿಮೆ ಒತ್ತಡದ ಪ್ರದೇಶ, ‘ತಾಳ್ವು ಮಂಡಲಂ’ ಎಂದರೆ ಅದು ಬಿಗಿಯಾಗಿ ಸುತ್ತತೊಡಗಿದೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ದಾಟಿದರೆ ಅದಕ್ಕೆ ಚಂಡಮಾರುತದ ಹೆಸರು ಸಿಗುತ್ತದೆ.

ಹೆಸರಿಗಾಗಿ ಕಾಯಬೇಡಿ, ಇದನ್ನು ಒತ್ತಿ ಹೇಳುತ್ತೇನೆ. 2009ರ ನವೆಂಬರ್ 10ರಂದು ದಾಖಲಾದ ಮಳೆ ಕೆಟ್ಟಿಯಲ್ಲಿ 24 ಗಂಟೆಗೆ 82 ಸೆಂಟಿಮೀಟರ್. ಆ ದಿನಗಳ ಭೂಕುಸಿತಗಳಲ್ಲಿ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ತಮಿಳುನಾಡಿನ ಕರಾವಳಿಗೆ ಹೆಸರುಳ್ಳ ಯಾವ ಚಂಡಮಾರುತವೂ ಅಪ್ಪಳಿಸಿರಲಿಲ್ಲ. ಇನ್ನೊಂದು ಕಡೆ, 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಜಲ್ ಚಂಡಮಾರುತ ದುರ್ಬಲವಾಯಿತೆಂದು ಜನ ನಿಟ್ಟುಸಿರು ಬಿಟ್ಟ ಮೇಲೆ, ಒಳನಾಡಿನ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದು ದಿನಕ್ಕೆ 50 ಸೆಂಟಿಮೀಟರ್ ಸುರಿಯಿತು. ದಡ ಸೇರಿದ ಮೇಲೆ ಗಾಳಿ ಸಾಯುತ್ತದೆ, ಮಳೆ ಸಾಯುವುದಿಲ್ಲ. ನಾಗಪಟ್ಟಣದ ಕಡಲು ನೇರ ಗೆರೆಯಲ್ಲಿ ನಮಗೆ ಸುಮಾರು 350 ಕಿಲೋಮೀಟರ್ ದೂರ. ಆ ದೂರ ನಮಗೆ ಗಾಳಿಯಿಂದ ರಕ್ಷಣೆ ಕೊಡುತ್ತದೆ, ನೀರಿನಿಂದಲ್ಲ.

ಚಂಡಮಾರುತಕ್ಕೆ ಹವಾಮಾನ ಇಲಾಖೆ ಹಂತ ಹಂತವಾಗಿ ಎಚ್ಚರಿಸುತ್ತದೆ: ಮೊದಲ ಮುನ್ಸೂಚನೆ 72 ಗಂಟೆ ಮೊದಲು, ಎರಡನೆಯದು 48, ಮೂರನೆಯದು 24, ಕೊನೆಯದು 12 ಗಂಟೆ ಮೊದಲು. ಕರಾವಳಿಯವರಿಗಾಗಿ ಮಾಡಿದ ಈ ಗಡಿಯಾರ ನಮಗೂ ಒದಗುತ್ತದೆ. 72 ಗಂಟೆಯ ಸುದ್ದಿ ಬಂದಾಗ ಹೊಲದ ಕೆಲಸ ಶುರು, 24 ಗಂಟೆಯ ಸುದ್ದಿಗೆ ಮನೆಯ ಕೆಲಸ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಧಿಕ ಮಳೆ. ಇದನ್ನು ಮನೆಯಲ್ಲೇ ಅಳೆಯಬಹುದು: ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ನೇರ ಗೋಡೆಯ ಡಬ್ಬಿಯನ್ನು ಮರ, ಸೂರುಗಳಿಂದ ದೂರ ಬಯಲಿನಲ್ಲಿಟ್ಟು, ನಿಂತ ನೀರಿಗೆ ಸ್ಕೇಲ್ ಇಳಿಸಿದರೆ ಸಾಕು. ಪಕ್ಕದ ಕಣಿವೆಯ ಮಳೆ ನಿಮ್ಮದಾಗಿರಬೇಕಿಲ್ಲ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎಂದು ನಮ್ಮವರು ಚಿತ್ತಾ ಮಳೆಗೆ ಹೇಳಿದ ಮಾತು ಈ ಬೆಟ್ಟದ ಇಡೀ ಹಿಂಗಾರಿಗೆ ಹೊಂದುತ್ತದೆ.

ಮಳೆಗೆ ಮೂರು ದಿನ ಮೊದಲು

ಮೊದಲ ಕೆಲಸ ಬಸಿಗಾಲುವೆ. ಇಳಿಜಾರಿನ ಹೊಲದಲ್ಲಿ ನೀರು ಮೇಲಿನಿಂದ ಬರುತ್ತದೆ. ನಿಮ್ಮ ಹೊಲದ ಮೇಲಂಚಿನಲ್ಲಿ ಅಡ್ಡಲಾಗಿ ಒಂದು ಕಾಲುವೆಯಿದ್ದರೆ ನೆರೆಯ ಗುಡ್ಡದ ನೀರು ಒಳಗೆ ನುಗ್ಗದೆ ಪಕ್ಕಕ್ಕೆ ಸರಿಯುತ್ತದೆ. ಅದು ತುಂಬಿದ್ದರೆ ಉಳಿದ ಕಾಲುವೆಗಳೆಲ್ಲ ಇದ್ದೂ ಇಲ್ಲದ ಹಾಗೆ. ಮಣ್ಣು, ಎಲೆ, ಕಳೆ ತೆಗೆಯಿರಿ. ಆದರೆ ಬದಿಯ ಹುಲ್ಲಿನ ಬೇರನ್ನು ಕೆರೆಯಬೇಡಿ, ಕಾಲುವೆಯ ಗೋಡೆಯನ್ನು ಹಿಡಿದಿರುವುದು ಅದೇ. ನೀರು ಕೊನೆಗೆ ಎಲ್ಲಿಗೆ ಬೀಳುತ್ತದೆ ಎಂದು ನಡೆದುಹೋಗಿ ನೋಡಿ. ಕೆಳಗಿನ ಮನೆಯವರ ಹಿತ್ತಿಲ ಗೋಡೆಗೆ ಅದು ಬಡಿಯುವುದಾದರೆ ನಿಮ್ಮ ಹೊಲ ಉಳಿದು ಅವರ ಮನೆ ಹೋಗುತ್ತದೆ. ಅವರನ್ನು ಕರೆದು, ಇಬ್ಬರೂ ಸೇರಿ ನೀರನ್ನು ಹಳ್ಳಕ್ಕೋ ಕಲ್ಲು ಹಾಸಿದ ಚರಂಡಿಗೋ ತಿರುಗಿಸಿ.

ತಡೆಗೋಡೆಗಳ ತೂತುಗಳನ್ನು ಈಗಲೇ ಬಿಡಿಸಿ. ಆ ತೂತುಗಳು ಮುಚ್ಚಿಹೋದರೆ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಉಬ್ಬಿ, ಗೋಡೆಯನ್ನೇ ತಳ್ಳುತ್ತದೆ. ಒಂದು ಕಬ್ಬಿಣದ ಸರಳು, ಅರ್ಧ ಗಂಟೆಯ ಕೆಲಸ.

ನಂತರ ಮರ. ಕನ್ನಡದಲ್ಲಿ ಈ ಬೆಟ್ಟದ ಹೆಸರಿನಿಂದಲೇ ಕರೆಯುವ ನೀಲಗಿರಿ ಮರ ಆಸ್ಟ್ರೇಲಿಯದಿಂದ ಬಂದದ್ದು. ನೆನೆದ ಇಳಿಜಾರಿನಲ್ಲಿ ಗಾಳಿಗೆ ಬುಡಸಮೇತ ಮಗುಚುವ ಎತ್ತರದ ಮರ. ಮನೆಯ ಮೇಲೆ ಬಾಗಿದ ಮರವನ್ನು ನೀವಾಗಿ ಕಡಿಯುವಂತಿಲ್ಲ, 1955ರ ತಮಿಳುನಾಡು ಗುಡ್ಡಗಾಡು ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಆದ್ದರಿಂದ ಅರ್ಜಿ ಕೊಡಬೇಕಾದದ್ದು ಸೆಪ್ಟೆಂಬರಿನಲ್ಲಿ. ಅದು ತಪ್ಪಿದ್ದರೆ ಈಗ ಮಾಡಬಹುದಾದದ್ದು ಒಂದೇ: ಆ ಮರದ ನೆರಳಿನ ಕೋಣೆಯಲ್ಲಿ ಯಾರನ್ನೂ ಮಲಗಿಸದಿರುವುದು.

ಬೆಳೆಯ ವಿಷಯಕ್ಕೆ ಬಂದರೆ, ಬಲಿತ ಆಲೂಗಡ್ಡೆಯನ್ನು ಕಿತ್ತುಬಿಡಿ. ನೆನೆದ ಮಣ್ಣಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಬಲಿಯದ ಗಿಡಕ್ಕೆ ಏರು ಹಾಕಿ ಮಣ್ಣು ಕೊಡಿ, ಮಳೆಗೆ ಎರಡು ದಿನ ಮೊದಲು ಬಿಸಿಲಿದ್ದಾಗ ಅಂಗಮಾರಿ ರೋಗ ತಡೆಯುವ ಮ್ಯಾಂಕೋಜೆಬ್‌ನಂಥ ಔಷಧವನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ, ಎಲೆಗೆ ಹಿಡಿದುಕೊಳ್ಳುವಂತೆ ಅಂಟು ಬೆರೆಸಿ ಸಿಂಪಡಿಸಿ. ಎಲೆ ಒದ್ದೆಯಾಗಿಯೇ ಇದ್ದು ಹವೆ ತಂಪಾಗಿದ್ದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನೇ ತಿನ್ನುತ್ತದೆ. ಗಜ್ಜರಿ ಇನ್ನೂ ಕೆಲವು ದಿನ ನೆಲದಲ್ಲಿ ತಡೆದುಕೊಳ್ಳುತ್ತದೆ, ಆತುರ ಬೇಡ.

ಈಗ ಬಹಳ ಜನ ಎಡವುವ ಜಾಗ. ಸಸಿಮಡಿಯ ಮೇಲಿನ ನೆರಳು ಪರದೆಯನ್ನು ಬಿರುಗಾಳಿಗೆ ಬಿಟ್ಟರೆ ಹರಿಯುತ್ತದೆ, ಕಂಬ ಕೀಳುತ್ತದೆ, ಅದನ್ನು ಇಳಿಸಲೇಬೇಕು. ಆದರೆ ಇಳಿಸಿದ್ದನ್ನು ಒಣಗಿರುವಾಗಲೇ ಸುತ್ತಿ, ಟಾರ್ಪಾಲಿನಲ್ಲಿ ಕಟ್ಟಿ, ಹಗ್ಗ, ಗೂಟಗಳ ಸಮೇತ ಹೊಲದ ಹತ್ತಿರವೇ ಇಡಿ. ಒಂದು ವಾರದೊಳಗೆ ಹಿಮ ತಡೆಯಲು ಅದನ್ನು ಮತ್ತೆ ಹರಡಬೇಕಾಗುತ್ತದೆ. ಚಹಾ ಗಿಡಗಳಿಗೆ ಮರೆ ಮಾಡಲು ಬೇಕಾಗುವ ಜರಿಗಿಡದ ಸೊಪ್ಪನ್ನೂ ಈಗಲೇ ಕೊಯ್ದು ಮಾಡಿನ ಕೆಳಗೆ ಹಾಕಿಕೊಳ್ಳಿ.

ಮಳೆಯ ರಾತ್ರಿ

ಮನೆಯಲ್ಲಿ ಬೇಕಾದದ್ದು ನಿಮಗೆ ಗೊತ್ತಿದೆ: ಒಣ ಸೌದೆ, ಕುಡಿಯುವ ನೀರು, ಔಷಧಿ, ಟಾರ್ಚು, ತುಂಬಿದ ಮೊಬೈಲ್, ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ರಾಜ್ಯದ್ದು 1070, ತುರ್ತಿಗೆ 112. ಇವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ, ಮಕ್ಕಳೂ ಓದುವಂತೆ.

ಕುಸಿತಕ್ಕೆ ಮುಂಚೆ ಬೆಟ್ಟ ಸೂಚನೆ ಕೊಡುವುದುಂಟು. ಇಳಿಜಾರಿನಲ್ಲಿ ಬಿಲ್ಲಿನಾಕಾರದ ಬಿರುಕು, ವಾಲಿದ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ನಿನ್ನೆಯಿಲ್ಲದ ಕಡೆ ಒಸರು, ತಿಳಿಯಾಗಿದ್ದ ಒರತೆಯಲ್ಲಿ ಕೆಸರು, ಮಳೆ ಜೋರಾಗಿದ್ದರೂ ಹಳ್ಳದ ನೀರು ತಟ್ಟನೆ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ನಮ್ಮ ಮನೆಯ ಲೆಕ್ಕ ಹೀಗಿದೆ: ಡಬ್ಬಿಯಲ್ಲಿ ಸಂಜೆ ನಾಲ್ಕಕ್ಕೆ ಹತ್ತು ಸೆಂಟಿಮೀಟರ್ ದಾಟಿ, ಮಳೆ ಇನ್ನೂ ಬಿಡದಿದ್ದರೆ ಬೆಳಕಿರುವಾಗಲೇ ದಿಬ್ಬದ ಮೇಲಿನ ದೊಡ್ಡಮ್ಮನ ಮನೆಗೆ ಹೋಗುವುದು. ಎರಡು ಸಲ ಹೋಗಿ ಏನೂ ಆಗದೆ ಮರಳಿದ್ದೇವೆ. “ಬರುವುದಾದರೆ ಹಗಲೇ ಬನ್ನಿ, ಅನ್ನ ನಾನು ಇಟ್ಟಿರುತ್ತೇನೆ” ಎಂದು ದೊಡ್ಡಮ್ಮ ಪ್ರತಿ ಹಿಂಗಾರಿಗೂ ಮೊದಲೇ ಹೇಳಿಕಳುಹಿಸುತ್ತಾರೆ. ಬಿರುಕು ಕಂಡರೆ ಮಣ್ಣು ತುಂಬಲು ನಿಲ್ಲಬೇಡಿ. ಬಿಸಿಲು ಬಂದ ಮೇಲೆ ಅದರ ಮೇಲೆ ಟಾರ್ಪಾಲು ಹೊದಿಸಿ ನೀರು ಇಳಿಯದಂತೆ ಮಾಡಿದರೆ ಸಾಕು, ಉಳಿದದ್ದನ್ನು ತಿಳಿದವರು ನೋಡಲಿ.

ಪ್ರಯಾಣವನ್ನು ಮುಂದೂಡಿ. ಕುನ್ನೂರು–ಮೆಟ್ಟುಪಾಳಯಂ ಘಾಟಿಯೂ ಅದರ ಪಕ್ಕದ ಬೆಟ್ಟದ ರೈಲೂ ಈ ಮಳೆಗೆ ನಿಲ್ಲುವುದು ಹೊಸದಲ್ಲ. ಮೈಸೂರಿನ ಕಡೆಗೆ ಹೋಗಲೇಬೇಕಾದವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದನ್ನು ಲೆಕ್ಕಕ್ಕಿಡಿ. ಘಾಟಿಯಲ್ಲಿ ಮರ ಬಿದ್ದು ಎರಡು ಗಂಟೆ ತಡವಾದರೆ ಕಾಡಿನಂಚಿನಲ್ಲಿ ರಾತ್ರಿ ಕಳೆಯಬೇಕಾಗುತ್ತದೆ, ಮಧ್ಯಾಹ್ನವೇ ಹೊರಡಿ.

ಬಿಸಿಲು ಬಂದ ಎರಡು ದಿನ

ಹೊಲಕ್ಕೆ ಇಳಿಯುವ ಮುನ್ನ ಮೇಲಿನ ಇಳಿಜಾರನ್ನು ನೋಡಿ. ಮಳೆ ನಿಂತ ಮೇಲೂ ಮಣ್ಣು ಜಾರುತ್ತದೆ. ನಿಂತ ನೀರನ್ನು ಬಿಡಿಸಿ, ಅಂಗಮಾರಿ ತಗಲಿದ ಎಲೆಗಳನ್ನು ಕಿತ್ತು ಹೊಲದಾಚೆ ಹೂಳಿ.

ಅದೇ ದಿನ ಪರದೆ, ಗೂಟ, ಹಗ್ಗಗಳನ್ನು ಹೊರತೆಗೆಯಿರಿ. ತುಂತುರು ನೀರಾವರಿಯ ಪೈಪು, ಮೂತಿಗಳಲ್ಲಿ ಕೆಸರು ಕಟ್ಟಿದೆಯೇ ಎಂದು ಪಂಪು ಓಡಿಸಿ ನೋಡಿ. ಮಳೆಯಲ್ಲಿ ಕರೆಂಟು ಹೋಗಿ ಇನ್ನೂ ಬಂದಿರದಿದ್ದರೆ ಹಿಮದ ಬೆಳಗ್ಗೆ ನೀರು ಸಿಗುವುದಿಲ್ಲ. ಆಗ ಪರದೆಯೊಂದೇ ಗತಿ.

ಮೊದಲ ಒಂದೆರಡು ಬೆಳಗ್ಗೆ ದಟ್ಟ ಮಂಜು ಇರುತ್ತದೆ. ಮಂಜು ಇರುವವರೆಗೆ ಹಿಮದ ಭಯ ಕಡಿಮೆ, ಹವೆಯಲ್ಲಿ ತೇವ ಇದೆ. ಮಂಜಿಲ್ಲದೆ ಬೆಳಗಾಗಿ, ಹಗಲೆಲ್ಲ ಆಕಾಶ ನೀಲಿಯಾಗಿ, ತುಟಿ ಒಡೆಯತೊಡಗಿದ ದಿನ ಎಚ್ಚರವಾಗಿ.

ಹಿಮದ ರಾತ್ರಿ

ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದ ಬಿಳಿ ಪೆಟ್ಟಿಗೆಯಲ್ಲಿ. ಹುಲ್ಲಿನ ಮಟ್ಟದಲ್ಲಿ ಅದಕ್ಕಿಂತ ಮೂರು, ನಾಲ್ಕು ಡಿಗ್ರಿ ಕಡಿಮೆ ಇರಬಹುದು. ‘ಊಟಿಯಲ್ಲಿ ಕನಿಷ್ಠ 4 ಡಿಗ್ರಿ’ ಎಂಬ ಸುದ್ದಿಯ ದಿನವೇ ನಿಮ್ಮ ಸಸಿಮಡಿಯಲ್ಲಿ ಸೊನ್ನೆ ಮುಟ್ಟಿರಬಹುದು. ಒಂದು ಸಾಧಾರಣ ಉಷ್ಣಮಾಪಕವನ್ನು ಹೊಲದ ಅತಿ ತಗ್ಗಿನಲ್ಲಿ ಗೇಣೆತ್ತರಕ್ಕೆ ಕಟ್ಟಿ, ಆ ಅಂಕಿಯನ್ನೇ ನಂಬಿ.

ಸಂಜೆಯ ಲಕ್ಷಣಗಳು ಮೂರು: ಮೋಡವಿಲ್ಲ, ಗಾಳಿಯಿಲ್ಲ, ಹವೆ ಒಣಗಿದೆ. ಒಲೆಯ ಹೊಗೆ ಮೇಲೇರದೆ ಮಾಡಿನ ಮಟ್ಟದಲ್ಲೇ ಹಾಸಿಕೊಂಡರೆ, ರಾತ್ರಿ ಎಂಟಕ್ಕೆ ತಗ್ಗಿನ ಉಷ್ಣಮಾಪಕ 6 ಡಿಗ್ರಿಗೆ ಇಳಿದಿದ್ದರೆ ನಾನು ಹಿಮ ಬಂತೆಂದೇ ಲೆಕ್ಕ ಹಾಕುತ್ತೇನೆ.

ಮಧ್ಯಾಹ್ನವೇ ಆಗಬೇಕಾದ ಕೆಲಸ ಮಣ್ಣಿನದು. ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ. ಮೇಲ್ಮಣ್ಣು ಒಣಗಿದ್ದರೆ ಹದವಾಗಿ ನೀರು ಕೊಡಿ. ಮಳೆ ಹೋಗಿ ಮೂರೇ ದಿನವಾಗಿದ್ದರೆ ಬೇಕಾಗುವುದಿಲ್ಲ, ಬಿರುಕು ಕಂಡ ಇಳಿಜಾರಿಗಂತೂ ಕೊಡಲೇಬಾರದು. ಅಂದು ಕಳೆ ಕೀಳಲು ಮಣ್ಣು ಕೆದಕಬೇಡಿ. ಸಾಲಿನ ನಡುವೆ ಒಣಹುಲ್ಲು ಹಾಸಲೂಬೇಡಿ: ಹುಲ್ಲು ಬೇರನ್ನು ಕಾಯುತ್ತದೆ, ಆದರೆ ನೆಲದ ಬಿಸಿ ಎಲೆಗೆ ತಲುಪದಂತೆ ತಡೆಯುತ್ತದೆ. ಹಿಮಕ್ಕೆಂದು ಹುಲ್ಲು ಹಾಸಿದ ಪಾತಿಯ ಎಲೆಗಳೇ ಮೊದಲು ಸುಡುವುದನ್ನು ನೋಡಿದ್ದೇನೆ.

ಸೂರ್ಯ ಮುಳುಗುವ ಮೊದಲೇ ಪರದೆ ಹೊದಿಸಿ. ಕತ್ತಲಾದ ಮೇಲೆ ಹೊದಿಸಿದರೆ ಹೋಗಬೇಕಾದ ಬಿಸಿ ಆಗಲೇ ಹೋಗಿರುತ್ತದೆ. ಪರದೆ ಎಲೆಗೆ ತಾಗದಂತೆ ಬಿದಿರಿನ ಬಿಲ್ಲಿನ ಮೇಲಿರಲಿ, ಅಂಚುಗಳು ನೆಲ ಮುಟ್ಟಲಿ. ಪ್ಲಾಸ್ಟಿಕ್ ಹಾಳೆ ಎಲೆಗೆ ಅಂಟಿದರೆ ಅಂಟಿದಷ್ಟೂ ಸುಡುತ್ತದೆ. ಬಟ್ಟೆ, ಗೋಣಿಚೀಲ ಅದಕ್ಕಿಂತ ಮೇಲು. ಹೊಸದಾಗಿ ನೆಟ್ಟ ಚಹಾ ಗಿಡಗಳಿಗೆ ಮೂಡಣ ಬಿಸಿಲು ತಡೆಯುವಂತೆ ಜರಿಗಿಡದ ಸೊಪ್ಪು ಚುಚ್ಚಿ.

ಟೈರು ಸುಡುವುದನ್ನು ದಯವಿಟ್ಟು ಬಿಡಿ. ಹೊಗೆ ಮೋಡದ ಕೆಲಸ ಮಾಡುವುದಿಲ್ಲ. ಕಣಿವೆಯ ತಳದಲ್ಲಿ ನಿಂತು ಮಕ್ಕಳ ಎದೆಗೆ ಇಳಿಯುತ್ತದೆ, ಅಷ್ಟೆ.

ನೀರು ಸಿಂಪಡಿಸುವುದು ಬಲವಾದ ಉಪಾಯ, ಅರ್ಧಕ್ಕೆ ಬಿಟ್ಟರೆ ಅಪಾಯಕಾರಿ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಬಿಸಿ ಬಿಡುತ್ತದೆ. ಆ ಬಿಸಿ ಎಲೆಯನ್ನು ಸೊನ್ನೆಗಿಂತ ಕೆಳಗಿಳಿಯದಂತೆ ಕಾಯುತ್ತದೆ. ತಗ್ಗಿನ ಅಂಕಿ 1 ಡಿಗ್ರಿಗೆ ಬಂದಾಗ ಶುರು ಮಾಡಿದರೆ, ಬಿಸಿಲು ಬಂದು ಎಲೆಯ ಮೇಲಿನ ಮಂಜುಗಡ್ಡೆ ಪೂರ್ತಿ ಕರಗುವವರೆಗೆ ನಿಲ್ಲಿಸಬಾರದು. ನಡುವೆ ನಿಂತರೆ ಎಲೆಯ ನೀರು ಆವಿಯಾಗುತ್ತ ಇನ್ನಷ್ಟು ಬಿಸಿಯನ್ನು ಕಿತ್ತುಕೊಳ್ಳುತ್ತದೆ, ಏನೂ ಮಾಡದ ಹೊಲಕ್ಕಿಂತ ಹೆಚ್ಚು ಹಾನಿ. ಬಾವಿಯ ನೀರು, ಕರೆಂಟು ಎರಡರ ಭರವಸೆ ಇಲ್ಲದಿದ್ದರೆ ರಾತ್ರಿ ಶುರು ಮಾಡದೆ, ಹೊತ್ತು ಮೂಡುವ ಮುನ್ನ ಸಿಂಪಡಿಸಲು ಶುರು ಮಾಡಿ ಹಿಮವನ್ನು ತೊಳೆದು, ಬಿಸಿಲಿಗೆ ಅದು ಕರಗಿ ಮುಗಿಯುವವರೆಗೆ ಮುಂದುವರಿಸಿ.

ಮನೆಯೊಳಗೆ ಒಂದೇ ಒಂದು ಮಾತು, ಆದರೆ ಇಡೀ ಬರಹದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ: ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಬಾಗಿಲು, ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದಿಲ್ಲ. ಮೈ ಕಾಯಿಸಿಕೊಂಡು, ಮಲಗುವ ಮೊದಲು ಕೆಂಡವನ್ನು ಹೊರಗಿಡಿ. ಮುದುಕರಿಗೆ, ಮಕ್ಕಳಿಗೆ ಒಣ ಕಾಲುಚೀಲ, ಟೋಪಿ, ಬಿಸಿನೀರಿನ ಬಾಟಲಿ ಸಾಕು. ಕರುವಿದ್ದರೆ ಕೊಟ್ಟಿಗೆಯ ನೆಲಕ್ಕೆ ಒಣಹುಲ್ಲು ದಪ್ಪವಾಗಿ ಹಾಸಿ. ಮಳೆಗೆ ನೆನೆದ ಹಾಸನ್ನು ಅಂದೇ ಬದಲಿಸಿರಬೇಕು.

ಮರುದಿನ ಬೆಳಗ್ಗೆ

ಅತಿ ಹೆಚ್ಚು ಚಳಿ ಸೂರ್ಯ ಹುಟ್ಟುವ ಹೊತ್ತಿನದು, ನಡುರಾತ್ರಿಯದಲ್ಲ. ಐದಕ್ಕೆ ಎದ್ದು ನೋಡಿ ಏನೂ ಇಲ್ಲವೆಂದು ಮತ್ತೆ ಮಲಗಬೇಡಿ. ಪರದೆಯನ್ನು ಒಂಬತ್ತರ ಹೊತ್ತಿಗೆ, ಒಳಗಿನ ಹನಿ ಕರಗಿದ ಮೇಲೆ ನಿಧಾನವಾಗಿ ತೆಗೆಯಿರಿ. ಬೇಗ ತೆಗೆದರೆ ಎಳೆಬಿಸಿಲು ಹೆಪ್ಪುಗಟ್ಟಿದ ಎಲೆಯನ್ನು ಒಮ್ಮೆಗೇ ಬಿಸಿಮಾಡುತ್ತದೆ. ಹಿಮ ಕೂತ ಹುಲ್ಲಿನ ಮೇಲೆ, ಪಾತಿಗಳ ನಡುವೆ ಅಷ್ಟು ಹೊತ್ತಿಗೆ ನಡೆದಾಡಬೇಡಿ, ದನಗಳನ್ನೂ ಬಿಡಬೇಡಿ. ತುಳಿದಲ್ಲಿ ಎಲೆ ಒಡೆಯುತ್ತದೆ.

ಸುಟ್ಟ ಗಿಡವನ್ನು ಅಂದೇ ಕೀಳಬೇಡಿ. ಆಲೂಗಡ್ಡೆಯ ಮೇಲಿನ ಎಲೆ ಕಪ್ಪಾದರೂ ಕಾಂಡದ ಬುಡ ಹಸಿರಾಗಿದ್ದರೆ ಅದು ಮತ್ತೆ ಚಿಗುರಬಹುದು. ಉಗುರಿನಿಂದ ಕೆರೆದು ನೋಡಿ, ಒಂದು ವಾರ ಬಿಡಿ. ಚಹಾ ಗಿಡದ ಕಂದಿದ ಎಲೆಗಳನ್ನೂ ಹಾಗೆಯೇ ಬಿಡಬೇಕು, ಮುಂದಿನ ಹಿಮಕ್ಕೆ ಒಳಗಿನ ಚಿಗುರನ್ನು ಅವೇ ಕಾಯುತ್ತವೆ. ಸವರುವುದು ಹಿಮದ ಕಾಲ ಪೂರ್ತಿ ಕಳೆದ ಮೇಲೆ, ಫೆಬ್ರವರಿ ಮುಗಿಯುವ ಹೊತ್ತಿಗೆ. ಪರದೆಯನ್ನು ಒಣಗಿಸಿ ಹೊಲದ ಪಕ್ಕದಲ್ಲೇ ಸುತ್ತಿಡಿ. ಕೊಲ್ಲಿಯಲ್ಲಿ ಇನ್ನೊಂದು ‘ತಾಳ್ವು ಪಗುದಿ’ ಎದ್ದಿದೆಯೇ ಎಂದು ಆ ಸಂಜೆಯ ಸುದ್ದಿಯನ್ನು ಕೇಳಿ.